ನಮ್ಮದೇ ಸರ್ವರ್‌ನಲ್ಲಿ ವಿಡಿಯೊ: ಅಪ್‌ಲೋಡ್‌ನಿಂದ ಪ್ಲೇ ಆಗುವವರೆಗೆ

ನಮ್ಮ ಊರಿನ ಹವ್ಯಾಸಿ ಯಕ್ಷಗಾನ ಸಂಘಕ್ಕೆ ಒಂದು ಸಣ್ಣ ವೆಬ್‌ಸೈಟ್ ಮಾಡಿಕೊಟ್ಟಿದ್ದೆ. ಮೊಬೈಲಿನಲ್ಲಿ ಹಿಡಿದ ಆಟದ ತುಣುಕುಗಳನ್ನು ಸದಸ್ಯರು ಹಾಕಬೇಕು, ಉಳಿದವರು ನೋಡಬೇಕು. ಅಷ್ಟೇ ಕೆಲಸ. ಎರಡು ದಿನದಲ್ಲಿ ಮುಗಿಯುತ್ತೆ ಅಂದುಕೊಂಡಿದ್ದೆ.

ಮೊದಲ ವಾರವೇ ಮೂರು ದೂರು ಬಂದವು. ಒಬ್ಬರಿಗೆ ಅಪ್‌ಲೋಡ್ ಒಂದು ಗಂಟೆ ಓಡಿ, ಕೊನೆಗೆ ಖಾಲಿ ಪುಟ ಬಂತು. ಇನ್ನೊಬ್ಬರ ವಿಡಿಯೊ ಸರಿಯಾಗಿಯೇ ಹೋಯಿತು. ಆದರೆ ಸಂಘದ ಹಳೆ ಲ್ಯಾಪ್‌ಟಾಪಿನಲ್ಲಿ ಚೆಂಡೆ ಕೇಳಿಸುತ್ತೆ, ವೇಷ ಕಾಣಿಸಲ್ಲ, ಪರದೆ ಪೂರ್ತಿ ಕಪ್ಪು. ಮೂರನೆಯದು ಎಲ್ಲರಿಗೂ ಕಾಣುತ್ತಿತ್ತು, ಐಫೋನ್ ಇದ್ದವರನ್ನು ಬಿಟ್ಟು.

ಮೂವರೂ ಹೇಳಿದ್ದು ಒಂದೇ ಮಾತು, "ವಿಡಿಯೊ ಬರ್ತಿಲ್ಲ". ಕಾರಣಗಳು ಮಾತ್ರ ಮೂರು ಬೇರೆ ಬೇರೆ ಜಾಗದಲ್ಲಿದ್ದವು. ಮೊದಲನೆಯದು ಫೈಲನ್ನು ತೆಗೆದುಕೊಳ್ಳುವ ಕಡೆ, ಎರಡನೆಯದು ಅದನ್ನು ಪರಿವರ್ತಿಸುವ ಕಡೆ, ಮೂರನೆಯದು ಕಳಿಸಿಕೊಡುವ ಕಡೆ. ಮದುವೆ ಮನೆಯಲ್ಲಿ ದಿನಸಿ ಇಳಿಸಿಕೊಳ್ಳುವವರು ಬೇರೆ, ಅಡುಗೆಯವರು ಬೇರೆ, ಬಡಿಸುವವರು ಬೇರೆ ಇರುತ್ತಾರಲ್ವಾ? ನಾನು ಮೂರನ್ನೂ ಒಂದೇ ಪಿಎಚ್‌ಪಿ ಫೈಲಿನ ಕೈಯಲ್ಲಿ ಮಾಡಿಸಲು ಹೋಗಿದ್ದೆ. ಪಂಕ್ತಿ ಏಳಲೇ ಇಲ್ಲ.

ಆಮೇಲೆ ಎಲ್ಲವನ್ನೂ ಬಿಡಿಸಿ ಮತ್ತೆ ಕಟ್ಟಿದೆ. ಅದೇ ಕ್ರಮದಲ್ಲಿ ಇಲ್ಲಿ ಬರೆಯುತ್ತಿದ್ದೇನೆ. ಸರ್ವರ್ ಸಾಧಾರಣದ್ದು: ಎರಡು ಕೋರ್, 4 ಜಿಬಿ ರ‍್ಯಾಮ್, ಉಬುಂಟು, ಪುಟಗಳನ್ನು ಕಳಿಸುವ ವೆಬ್ ಸರ್ವರ್ ಆಗಿ ಎಂಜಿನ್‌ಎಕ್ಸ್, ಕೋಡಿಗೆ ಪಿಎಚ್‌ಪಿ. ನೀವು ಪೈಥಾನ್ ಅಥವಾ ನೋಡ್ ಬಳಸಿದರೂ ಸಂಗತಿ ಇದೇ. ಕಮಾಂಡ್‌ಗಳನ್ನು ಫೋನಿನಲ್ಲಿ ಗೆಳೆಯನಿಗೆ ಹೇಳಿಕೊಟ್ಟ ಹಾಗೆ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರದಲ್ಲಿ ಮಾಡಿಕೊಳ್ಳಿ.

ಮೊದಲು ಒಂದು ಪ್ರಶ್ನೆ: ಇದೆಲ್ಲ ಬೇಕಾ?

ಎಲ್ಲರೂ ನೋಡುವಂಥ ವಿಡಿಯೊ ಆದರೆ ಸುಮ್ನೆ ಯೂಟ್ಯೂಬ್‌ಗೆ ಹಾಕಿ, ಅಲ್ಲಿಂದ ನಿಮ್ಮ ಪುಟಕ್ಕೆ ತಂದುಕೊಳ್ಳಿ. ಪರಿವರ್ತನೆ, ಜಾಗ, ಬ್ಯಾಂಡ್‌ವಿಡ್ತ್ ಎಲ್ಲ ಅವರ ತಲೆನೋವು. ಸದಸ್ಯರಿಗಷ್ಟೇ ತೋರಿಸಬೇಕು, ಜಾಹೀರಾತು ಬರಬಾರದು, ಮೂಲ ಪ್ರತಿ ನಮ್ಮ ಕೈಯಲ್ಲೇ ಇರಬೇಕು ಅನ್ನುವವರು ಮಾತ್ರ ಮುಂದೆ ಓದಿ. ಇನ್ನೊಂದು ಮಾತು. ಒಂದೇ ಸರ್ವರ್ ಅನ್ನು ಹಲವು ಸೈಟ್‌ಗಳು ಹಂಚಿಕೊಳ್ಳುವ, ಕಡಿಮೆ ದರದ ಶೇರ್ಡ್ ಹೋಸ್ಟಿಂಗ್‌ನಲ್ಲಿ ಇದು ಆಗುವ ಕೆಲಸವಲ್ಲ. ವಿಡಿಯೊ ಪರಿವರ್ತಿಸುವ ತಂತ್ರಾಂಶವಾದ ಎಫ್‌ಎಫ್‌ಎಂಪೆಗ್ ಅಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಇದ್ದರೂ ಎರಡು ನಿಮಿಷ ಸಿಪಿಯು ಪೂರ್ತಿ ಓಡಿದರೆ ನಿಮ್ಮ ಕೆಲಸವನ್ನು ನಿಲ್ಲಿಸಿಬಿಡುತ್ತಾರೆ. ವಿಪಿಎಸ್, ಅಂದರೆ ನಿಮ್ಮದೇ ಹಿಡಿತದಲ್ಲಿರುವ ಬಾಡಿಗೆ ಸರ್ವರ್, ಬೇಕೇ ಬೇಕು.

ಲೆಕ್ಕ ಹಾಕಿ ಶುರು ಮಾಡಿ

ಐಫೋನ್ ತನ್ನ ಕ್ಯಾಮೆರಾ ಸೆಟ್ಟಿಂಗ್‌ನಲ್ಲೇ ಈ ಲೆಕ್ಕ ಕೊಡುತ್ತದೆ: 1080ಪಿ, ಸೆಕೆಂಡಿಗೆ 30 ಫ್ರೇಮ್ ಇಟ್ಟು ಹಿಡಿದರೆ ನಿಮಿಷಕ್ಕೆ ಸುಮಾರು 60 ಎಂಬಿ. ಹಳೆ ಎಚ್.264 ಮಾದರಿಗೆ ಇಟ್ಟರೆ 130 ಎಂಬಿ. ಅಂದರೆ ಮೊದಲ ಲೆಕ್ಕದಲ್ಲೇ 40 ನಿಮಿಷದ ಒಂದು ಪ್ರಸಂಗದ ಭಾಗ 2.4 ಜಿಬಿ. ಮನೆಯ ಇಂಟರ್ನೆಟ್ಟಿನ ಅಪ್‌ಲೋಡ್ ವೇಗ 5 ಎಂಬಿಪಿಎಸ್ (ಸೆಕೆಂಡಿಗೆ 5 ಮೆಗಾಬಿಟ್; 8 ಬಿಟ್ ಸೇರಿದರೆ ಒಂದು ಬೈಟ್) ಇದ್ದರೆ ಅದು ಹೋಗಲು ಒಂದು ಗಂಟೆಯ ಮೇಲೆ ನಾಲ್ಕು ನಿಮಿಷ. ಆ ಒಂದು ಗಂಟೆಯಲ್ಲಿ ಕರೆಂಟು ಹೋಗಬಹುದು, ವೈಫೈ ಬಿಟ್ಟು ಮೊಬೈಲ್ ಡೇಟಾಗೆ ಬದಲಾಗಬಹುದು, ಫೋನ್ ನಿದ್ದೆಗೆ ಜಾರಬಹುದು. ಏನೂ ಆಗದೆ ಇದ್ದರೆ ಅದೇ ಆಶ್ಚರ್ಯ.

ಜಾಗದ ಲೆಕ್ಕವೂ ಇದೆ. ಬಂದ ತುಂಡುಗಳು, ಅವನ್ನು ಜೋಡಿಸಿದ ಫೈಲು, ಪರಿವರ್ತಿಸಿದ ಪ್ರತಿ, ಇವೆಲ್ಲ ಸ್ವಲ್ಪ ಹೊತ್ತು ಒಟ್ಟಿಗೇ ಡಿಸ್ಕ್‌ನಲ್ಲಿರುತ್ತವೆ. ಅತಿ ದೊಡ್ಡ ಫೈಲಿನ ಮೂರು ಪಟ್ಟು ಜಾಗ ಯಾವಾಗಲೂ ಖಾಲಿ ಇರಲಿ.

ಹಂತ 1: ಫೈಲನ್ನು ತೆಗೆದುಕೊಳ್ಳುವುದು

ಖಾಲಿ ಪುಟದ ದೂರಿನ ಮೂಲ ಇಲ್ಲಿದೆ. ಪಿಎಚ್‌ಪಿಯಲ್ಲಿ ಅಪ್‌ಲೋಡ್ ಮ್ಯಾಕ್ಸ್ ಫೈಲ್‌ಸೈಜ್ ಅನ್ನುವ ಸೆಟ್ಟಿಂಗ್ ತಾನಾಗಿಯೇ 2 ಎಂಬಿ ಇರುತ್ತದೆ, ಪೋಸ್ಟ್ ಮ್ಯಾಕ್ಸ್ ಸೈಜ್ 8 ಎಂಬಿ. ಎಂಜಿನ್‌ಎಕ್ಸ್‌ನ ಕ್ಲೈಂಟ್ ಮ್ಯಾಕ್ಸ್ ಬಾಡಿ ಸೈಜ್ ಬರೀ 1 ಎಂಬಿ. ಎಂಜಿನ್‌ಎಕ್ಸ್‌ನ ಮಿತಿ ದಾಟಿದರೆ 413 ಅನ್ನುವ ಎರರ್ ಕಾಣಿಸುತ್ತೆ, ಅದು ವಾಸಿ. ಪಿಎಚ್‌ಪಿಯ ಪೋಸ್ಟ್ ಮಿತಿ ದಾಟಿದರೆ ಮಾತ್ರ ಅದು ಬಾಯಿ ಬಿಡುವುದಿಲ್ಲ. ಫಾರಂನ ಮಾಹಿತಿ ಮತ್ತು ಫೈಲು ಸಿಗಬೇಕಾದ ಪೋಸ್ಟ್, ಫೈಲ್ಸ್ ಅನ್ನುವ ವೇರಿಯಬಲ್‌ಗಳು ಎರಡೂ ಖಾಲಿಯಾಗಿ ನಿಮ್ಮ ಕೋಡಿಗೆ ಬರುತ್ತವೆ. ಫಾರಂ ತುಂಬದೆ ಯಾರೋ ಬಟನ್ ಒತ್ತಿದ ಹಾಗೆ ಕಾಣುತ್ತದೆ. ನಾನು ಅರ್ಧ ದಿನ ನನ್ನದೇ ಕೋಡಿನಲ್ಲಿ ತಪ್ಪು ಹುಡುಕಿದೆ. ಎಂಜಿನ್‌ಎಕ್ಸ್‌ನ ಮಿತಿಯನ್ನು ಮೊದಲೇ ಏರಿಸಿದ್ದೆನಲ್ಲ, ಹಾಗಾಗಿ 413 ಕೂಡ ಬಂದಿರಲಿಲ್ಲ.

ಸುಲಭದ ಮದ್ದು ಈ ಮೂರೂ ಅಂಕಿಗಳನ್ನು 3 ಜಿಬಿಗೆ ಏರಿಸುವುದು. ಹಾಗೆ ಮಾಡಬೇಡಿ ಅನ್ನುತ್ತೇನೆ. ಶೇಕಡ 97ಕ್ಕೆ ಬಂದು ನೆಟ್ ಕಡಿದರೆ ಮತ್ತೆ ಸೊನ್ನೆಯಿಂದ ಶುರು. ಸೈಟಿಗೆ ಬರುವ ಹೋಗುವ ಎಲ್ಲವನ್ನೂ ನಡುವೆ ನಿಂತು ದಾಟಿಸುವ ಕ್ಲೌಡ್‌ಫ್ಲೇರ್ ಸೇವೆಯ ಉಚಿತ ಪ್ಲಾನ್ ಹಿಂದೆ ನಿಮ್ಮ ಸೈಟ್ ಇದ್ದರೆ ಒಂದು ರಿಕ್ವೆಸ್ಟ್ 100 ಎಂಬಿ ದಾಟುವಂತೆಯೂ ಇಲ್ಲ. ನಿಮ್ಮ ಸರ್ವರ್‌ನಲ್ಲಿ ಎಷ್ಟೇ ಏರಿಸಿದರೂ ಅಲ್ಲೇ ತಡೆ.

ಮಾಡಬೇಕಾದದ್ದು ಫೈಲನ್ನು ತುಂಡು ಮಾಡಿ ಕಳಿಸುವುದು. ಬ್ರೌಸರ್‌ನಲ್ಲೇ ಜಾವಾಸ್ಕ್ರಿಪ್ಟಿನ ಸ್ಲೈಸ್ ಫಂಕ್ಷನ್ ಫೈಲನ್ನು 8 ಎಂಬಿಯ ತುಂಡುಗಳಾಗಿ ಕತ್ತರಿಸುತ್ತದೆ. 2.4 ಜಿಬಿ ಅಂದರೆ 300 ತುಂಡು. 5 ಎಂಬಿಪಿಎಸ್‌ನಲ್ಲಿ ಒಂದೊಂದಕ್ಕೆ 13 ಸೆಕೆಂಡ್. ಕಡಿದರೆ ಕಳೆದುಕೊಳ್ಳುವುದು ಆ 13 ಸೆಕೆಂಡ್ ಮಾತ್ರ. ಸರ್ವರ್‌ನ ಮಿತಿಗಳನ್ನೂ 10 ಎಂಬಿ ಆಸುಪಾಸಿನಲ್ಲೇ ಇಟ್ಟುಕೊಳ್ಳಬಹುದು.

ಇದನ್ನು ಕೈಯಾರೆ ಬರೆಯಲು ಹೋಗಬೇಡಿ. ನಾನು ಬರೆದೆ. ಮೊದಲ ದಿನ 41ನೇ ತುಂಡು 40ಕ್ಕಿಂತ ಮೊದಲು ಬಂದು ಕೂತಿತು, ಫೈಲು ಕೆಟ್ಟಿತು. ಟಸ್ ಅನ್ನುವ ಮುಕ್ತ ಪ್ರೋಟೊಕಾಲ್ ಇದಕ್ಕೆಂದೇ ಇದೆ. ಬ್ರೌಸರ್ ಮೊದಲು "ಎಲ್ಲಿಯವರೆಗೆ ಬಂದಿದೆ?" ಅಂತ ಸರ್ವರ್ ಅನ್ನು ಕೇಳುತ್ತದೆ, ಸರ್ವರ್ ಬೈಟ್ ಲೆಕ್ಕದಲ್ಲಿ ಹೇಳುತ್ತದೆ, ಅಲ್ಲಿಂದ ಮುಂದುವರಿಯುತ್ತದೆ. ಬ್ರೌಸರ್ ಕಡೆಗೆ ಅಪ್ಪಿ ಅನ್ನುವ ಲೈಬ್ರರಿ, ಸರ್ವರ್ ಕಡೆಗೆ ಟಸ್‌ಡಿ ಅನ್ನುವ ಪ್ರೋಗ್ರಾಂ. ಎರಡೂ ಉಚಿತ, ಮುಕ್ತ ತಂತ್ರಾಂಶ. ಒಂದು ಸಂಜೆಯಲ್ಲಿ ಜೋಡಿಸಬಹುದು. ತುಂಡಿನ ಅಳತೆಯನ್ನು ಅಪ್ಪಿಯಲ್ಲಿ 8 ಎಂಬಿ ಅಂತ ನೀವೇ ಕೊಡಬೇಕು. ಕೊಡದಿದ್ದರೆ ಅದು ಇಡೀ ಫೈಲನ್ನು ಒಂದೇ ರಿಕ್ವೆಸ್ಟಿನಲ್ಲಿ ಕಳಿಸಲು ನೋಡುತ್ತದೆ.

ಅಮೆಜಾನ್ ಎಸ್3 ಥರದ ಸಂಗ್ರಹ ಬಳಸುವವರು ನಿಮ್ಮ ಸರ್ವರ್ ಅನ್ನು ಮುಟ್ಟದೆಯೇ, ಸಹಿ ಹಾಕಿದ ತಾತ್ಕಾಲಿಕ ಲಿಂಕ್ ಮೂಲಕ ಬ್ರೌಸರ್‌ನಿಂದ ನೇರ ಅಲ್ಲಿಗೆ ಕಳಿಸಬಹುದು. ಅಲ್ಲಿ ಕೊನೆಯ ತುಂಡು ಬಿಟ್ಟು ಉಳಿದವು ಕನಿಷ್ಠ 5 ಎಂಬಿ ಇರಬೇಕು, ಒಟ್ಟು 10,000 ತುಂಡು ದಾಟಬಾರದು. ಇಷ್ಟು ನೆನಪಿದ್ದರೆ ಸಾಕು.

ಬಂದದ್ದನ್ನೆಲ್ಲ ನಂಬಬೇಡಿ

ಫೈಲಿನ ಹೆಸರಿನ ಕೊನೆಯಲ್ಲಿ ಎಂಪಿ4 ಅಂತ ಇದೆ ಅಂದ ಮಾತ್ರಕ್ಕೆ ಅದು ವಿಡಿಯೊ ಅಲ್ಲ. ಇದು ಯಾವ ಬಗೆಯ ಫೈಲು ಅಂತ ಬ್ರೌಸರ್ ಹೇಳುವ ಮೈಮ್ ಟೈಪ್ ಕೂಡ ಕಳಿಸುವವರು ಬರೆದುಕೊಟ್ಟ ಚೀಟಿ ಅಷ್ಟೇ. ಹೀಗೆ ಮಾಡಿ:

- ಬಂದ ಹೆಸರನ್ನು ಡೇಟಾಬೇಸಿನಲ್ಲಿ ತೋರಿಸಲಿಕ್ಕೆ ಮಾತ್ರ ಇಟ್ಟುಕೊಳ್ಳಿ. ಡಿಸ್ಕ್‌ನಲ್ಲಿ ನೀವೇ ಕೊಟ್ಟ ಗೊತ್ತುಗುರಿಯಿಲ್ಲದ ಹೆಸರಿರಲಿ. "ಕರ್ಣಪರ್ವ ರಾತ್ರಿ (2).ಎಂಒವಿ" ಅನ್ನುವ ಹೆಸರನ್ನು ಹಾಗೇ ಶೆಲ್ ಕಮಾಂಡಿಗೆ ಸೇರಿಸಿದರೆ ಆ ಕಂಸ, ಆ ಖಾಲಿ ಜಾಗ ಸಾಕು ಎಲ್ಲ ಎಡವಟ್ಟಾಗಲು. ಕೆಟ್ಟ ಬುದ್ಧಿಯವನಾದರೆ ಹೆಸರಿನಲ್ಲೇ ಕಮಾಂಡ್ ಅಡಗಿಸಿ ಕಳಿಸುತ್ತಾನೆ.
- ಅಪ್‌ಲೋಡ್ ಬೀಳುವ ಫೋಲ್ಡರ್ ವೆಬ್ ರೂಟ್‌ನ, ಅಂದರೆ ಬ್ರೌಸರ್‌ನಿಂದ ನೇರ ತೆರೆಯಬಹುದಾದ ಫೋಲ್ಡರ್‌ನ, ಹೊರಗಿರಲಿ.
- ಎಫ್‌ಎಫ್‌ಎಂಪೆಗ್ ಜೊತೆಗೇ ಬರುವ ಎಫ್‌ಎಫ್‌ಪ್ರೋಬ್ ಓಡಿಸಿ ಒಳಗೆ ನಿಜಕ್ಕೂ ಏನಿದೆ ನೋಡಿ. ಶೋ ಸ್ಟ್ರೀಮ್ಸ್, ಶೋ ಫಾರ್ಮ್ಯಾಟ್ ಎರಡನ್ನೂ ಕೊಟ್ಟು ಔಟ್‌ಪುಟ್ ಜೇಸನ್‌ನಲ್ಲಿ ಕೇಳಿ. ಒಂದೂ ವಿಡಿಯೊ ಸ್ಟ್ರೀಮ್ ಇಲ್ಲದಿದ್ದರೆ ತಿರಸ್ಕರಿಸಿ. ಅವಧಿ, ಅಗಲ, ಎತ್ತರ, ಕೋಡೆಕ್, ಪಿಕ್ಸೆಲ್ ಫಾರ್ಮ್ಯಾಟ್ ಐದನ್ನೂ ಬರೆದಿಟ್ಟುಕೊಳ್ಳಿ. ಮುಂದೆ ಬೇಕಾಗುತ್ತವೆ.
- ಎಫ್‌ಎಫ್‌ಎಂಪೆಗ್‌ಗೆ ಪ್ರೋಟೊಕಾಲ್ ವೈಟ್‌ಲಿಸ್ಟ್ ಆಯ್ಕೆ ಕೊಟ್ಟು ಬರೀ ಫೈಲ್ ಅಂತ ಹೇಳಿ. ವಿಡಿಯೊ ವೇಷದಲ್ಲಿ ಪ್ಲೇಲಿಸ್ಟ್ ಫೈಲು ಕಳಿಸಿ, ಸರ್ವರ್‌ನ ಒಳಗಿನ ಫೈಲುಗಳನ್ನೇ ಓದಿಸಿಕೊಳ್ಳುವ ದೋಷ 2016ರಲ್ಲಿ ಬಯಲಾಗಿತ್ತು. ಅದನ್ನು ಸರಿಪಡಿಸಿ ವರ್ಷಗಳಾದವು. ಆದರೂ ಬಾಗಿಲಿಗೆ ಚಿಲಕ ಇರಲಿ.

ಹಂತ 2: ಸರತಿ

ನನ್ನ ಮೊದಲ ಕೋಡು ಅಪ್‌ಲೋಡ್ ಮುಗಿದ ತಕ್ಷಣ, ಅದೇ ರಿಕ್ವೆಸ್ಟಿನೊಳಗೆ ಎಫ್‌ಎಫ್‌ಎಂಪೆಗ್ ಓಡಿಸುತ್ತಿತ್ತು. ಇಬ್ಬರು ಒಟ್ಟಿಗೆ ಹಾಕಿದರೆ ಸೈಟೇ ನಿಂತುಹೋಗುತ್ತಿತ್ತು. ಎರಡು ಕೋರಿನ ಸರ್ವರ್‌ನಲ್ಲಿ ಎರಡು ಪರಿವರ್ತನೆ ಅಂದರೆ ಪುಟ ತೋರಿಸಲು ಉಸಿರೇ ಉಳಿಯುವುದಿಲ್ಲ.

ಪರಿವರ್ತನೆಗಳನ್ನು ಸರತಿಯಲ್ಲಿ ನಿಲ್ಲಿಸಬೇಕು. ಸರತಿ ನಿಭಾಯಿಸಲು ರೆಡಿಸ್, ರ‍್ಯಾಬಿಟ್ ಎಂಕ್ಯೂ ಅಂತೆಲ್ಲ ಹೆಸರು ಕೇಳಿರುತ್ತೀರಿ. ದಿನಕ್ಕೆ ಹತ್ತು ವಿಡಿಯೊ ಬರುವ ಸೈಟಿಗೆ ಅದೆಲ್ಲ ಜಾಸ್ತಿಯಾಯ್ತು. ಡೇಟಾಬೇಸಿನಲ್ಲಿ ಒಂದು ಟೇಬಲ್ ಸಾಕು. ಪ್ರತಿ ವಿಡಿಯೊಗೆ ಒಂದು ಸಾಲು, ಅದರಲ್ಲಿ ಸ್ಥಿತಿ ಅನ್ನುವ ಕಾಲಂ: ಬಂದಿದೆ, ನಡೆಯುತ್ತಿದೆ, ಆಯ್ತು, ಕೆಟ್ಟಿದೆ. ಅಪ್‌ಲೋಡ್ ಕೋಡು "ಬಂದಿದೆ" ಅಂತ ಬರೆದು ಕೈ ತೊಳೆದುಕೊಳ್ಳುತ್ತದೆ. ಉಬುಂಟುವಿನ ಸಿಸ್ಟಮ್‌ಡಿ ಅಡಿಯಲ್ಲಿ ಹಿನ್ನೆಲೆಯಲ್ಲಿ ಸದಾ ಓಡುವ ಒಂದು ಸಣ್ಣ ಪ್ರೋಗ್ರಾಂ, ವರ್ಕರ್ ಅನ್ನೋಣ, ಹತ್ತು ಸೆಕೆಂಡಿಗೊಮ್ಮೆ ಟೇಬಲ್ ನೋಡಿ, ಹಳೆಯದನ್ನು ಒಂದೊಂದಾಗಿ ಎತ್ತಿಕೊಳ್ಳುತ್ತದೆ. ಒಂದು ಸಲಕ್ಕೆ ಒಂದೇ.

ವರ್ಕರ್ ಬರೆಯುವಾಗ ಮೂರು ಸಂಗತಿ ನೆನಪಿಡಿ. ಎಫ್‌ಎಫ್‌ಎಂಪೆಗ್ ಅನ್ನು ನೈಸ್ ಕಮಾಂಡ್ ಮೂಲಕ, 15 ಅಂತ ಕೊಟ್ಟು ಆದ್ಯತೆ ಇಳಿಸಿ ಓಡಿಸಿ. ಪುಟ ಕೇಳಿದವರಿಗೆ ಮೊದಲು ದಾರಿ ಸಿಗುತ್ತದೆ. ಔಟ್‌ಪುಟ್ ಮೊದಲು ತಾತ್ಕಾಲಿಕ ಹೆಸರಿನಲ್ಲಿ ಬೀಳಲಿ, ಪೂರ್ತಿ ಮುಗಿದ ಮೇಲೆ ನಿಜವಾದ ಹೆಸರಿಗೆ ಬದಲಾಯಿಸಿ. ಇಲ್ಲದಿದ್ದರೆ ಅರ್ಧ ಬೆಂದದ್ದನ್ನೇ ಯಾರೋ ನೋಡಲು ಶುರು ಮಾಡುತ್ತಾರೆ. ಮೂರನೆಯದಾಗಿ, ಕೀಬೋರ್ಡಿನ ಕಡೆ ನೋಡಬೇಡ ಅನ್ನುವ ನೋಸ್ಟ್‌ಡಿನ್ ಆಯ್ಕೆ ಕಡ್ಡಾಯ. ನಾನು ಇದನ್ನು ಶೆಲ್ ಸ್ಕ್ರಿಪ್ಟಿನಲ್ಲಿ ವೈಲ್ ರೀಡ್ ಲೂಪಿನೊಳಗೆ ಓಡಿಸಿದ್ದೆ. ಪಟ್ಟಿಯಲ್ಲಿ ಆರು ಫೈಲಿತ್ತು, ಒಂದಾದ ಮೇಲೆ ಲೂಪು ನಿಂತುಬಿಟ್ಟಿತು. ಕಾರಣ ಏನೆಂದರೆ, ಎಫ್‌ಎಫ್‌ಎಂಪೆಗ್ ಕೀಬೋರ್ಡಿನಿಂದ ಅಕ್ಷರ ಬರಬಹುದೆಂದು ಕಾಯುತ್ತಾ, ಲೂಪಿಗೆ ಬರಬೇಕಿದ್ದ ಉಳಿದ ಐದು ಹೆಸರನ್ನೂ ನುಂಗಿತ್ತು.

ಕೆಟ್ಟಾಗ ಎಫ್‌ಎಫ್‌ಎಂಪೆಗ್ ಬರೆದ ಕೊನೆಯ ಐವತ್ತು ಸಾಲನ್ನು ಅದೇ ಟೇಬಲಿನಲ್ಲಿ ಇಟ್ಟುಕೊಳ್ಳಿ. ಬೆಳಿಗ್ಗೆ ಎದ್ದು ನೋಡಲು ಅದೇ ಆಧಾರ.

ಹಂತ 3: ಪರಿವರ್ತನೆ

ಇಲ್ಲಿ ಸ್ವಲ್ಪ ನಿಲ್ಲೋಣ. ಕಪ್ಪು ಪರದೆಯ ದೂರು ಇಲ್ಲಿಯದು.

ಎಂಪಿ4 ಅನ್ನುವುದು ಡಬ್ಬಿ. ಒಳಗಿರುವ ತಿಂಡಿ ಕೋಡೆಕ್, ಅಂದರೆ ಚಿತ್ರವನ್ನು ಕುಗ್ಗಿಸಿಡುವ ವಿಧಾನ. ಡಬ್ಬಿ ಒಂದೇ ಥರ ಇದ್ದರೂ ಒಳಗೆ ಎಚ್.264 ಇರಬಹುದು, ಎಚ್‌ಇವಿಸಿ ಇರಬಹುದು, ಎವಿ1 ಕೂಡ ಇರಬಹುದು. 2017ರಲ್ಲಿ ಬಂದ ಐಒಎಸ್ 11ರಿಂದ ಐಫೋನ್‌ಗಳು ಎಚ್‌ಇವಿಸಿಯಲ್ಲಿ ಹಿಡಿಯುತ್ತವೆ. ಅದರಿಂದ ಫೈಲು ಅರ್ಧದಷ್ಟಾಗುತ್ತದೆ, ಒಳ್ಳೆಯದೇ. ಆದರೆ ಹಳೆ ಲ್ಯಾಪ್‌ಟಾಪಿನ ಬ್ರೌಸರ್‌ಗೆ ಎಚ್‌ಇವಿಸಿ ಬಿಡಿಸಲು ಬರುವುದಿಲ್ಲ. ಧ್ವನಿ ಎಎಸಿಯಲ್ಲಿರುವುದರಿಂದ ಅದು ಮಾತ್ರ ಕೇಳಿಸುತ್ತದೆ. ಚೆಂಡೆ ಕೇಳಿ ವೇಷ ಕಾಣದಿದ್ದುದು ಅದಕ್ಕೇ.

ಹೊಸ ಕೋಡೆಕ್‌ಗಳ ಆಸೆ ಸದ್ಯಕ್ಕೆ ಬಿಡಿ. 2003ರಲ್ಲಿ ಬಂದ ಎಚ್.264 ಇವತ್ತಿಗೂ ಎಲ್ಲ ಕಡೆ ಓಡುವ ಹಳೆ ಅಂಬಾಸಿಡರ್. ಎವಿ1ನಿಂದ ಬ್ಯಾಂಡ್‌ವಿಡ್ತ್ ಉಳಿಯುತ್ತದೆ ನಿಜ, ಆದರೆ ಎರಡು ಕೋರಿನಲ್ಲಿ ಅದನ್ನು ಬೇಯಿಸುತ್ತಾ ಕೂತರೆ ಬೆಳಗಾಗುತ್ತದೆ.

ನಾನು ಬಳಸುವ ಕಮಾಂಡನ್ನು ಬಾಯಲ್ಲಿ ಹೇಳುತ್ತೇನೆ. ಪ್ರತಿ ಆಯ್ಕೆಯ ಮುಂದೆ ಒಂದು ಅಡ್ಡಗೆರೆ ಇರಲಿ. ಎಫ್‌ಎಫ್‌ಎಂಪೆಗ್, ಐ ಆಯ್ಕೆಗೆ ಬಂದ ಫೈಲು. ಸಿ ಕೋಲನ್ ವಿ ಆಯ್ಕೆಗೆ ಲಿಬ್‌ಎಕ್ಸ್264. ಪ್ರಿಸೆಟ್ ಮೀಡಿಯಂ. ಸಿಆರ್‌ಎಫ್ 23. ಪಿಕ್ಸ್ ಅಂಡರ್‌ಸ್ಕೋರ್ ಎಫ್‌ಎಂಟಿಗೆ ವೈಯುವಿ420ಪಿ. ವಿಎಫ್‌ಗೆ ಸ್ಕೇಲ್ ಈಕ್ವಲ್ಸ್ ಮೈನಸ್ 2 ಕೋಲನ್ 720. ಸಿ ಕೋಲನ್ ಎಗೆ ಎಎಸಿ, ಬಿ ಕೋಲನ್ ಎಗೆ 128ಕೆ. ಮೂವ್‌ಫ್ಲಾಗ್ಸ್‌ಗೆ ಪ್ಲಸ್ ಫಾಸ್ಟ್‌ಸ್ಟಾರ್ಟ್. ಕೊನೆಗೆ ಔಟ್‌ಪುಟ್ ಹೆಸರು.

ಇದನ್ನು ಬಿಡಿಸಿ ನೋಡೋಣ.

ಸಿಆರ್‌ಎಫ್ ಅಂದರೆ ಗುಣಮಟ್ಟದ ಗುಂಡಿ. 0ಯಿಂದ 51ರವರೆಗೆ ಹೋಗುತ್ತದೆ, ಅಂಕಿ ಕಡಿಮೆಯಾದಷ್ಟೂ ಚಿತ್ರ ಚೆನ್ನ, ಫೈಲು ದೊಡ್ಡದು. 6 ಏರಿಸಿದರೆ ಫೈಲು ಹೆಚ್ಚುಕಡಿಮೆ ಅರ್ಧವಾಗುತ್ತದೆ. 23 ಅದರ ಸಹಜ ಅಂಕಿ. ಪ್ರಿಸೆಟ್ ಅಂದರೆ ಎಷ್ಟು ಹೊತ್ತು ಯೋಚಿಸಬೇಕು ಅನ್ನುವುದು. ಸ್ಲೋ ಇಟ್ಟರೆ ಫೈಲು ಸ್ವಲ್ಪ ಚಿಕ್ಕದು, ಸಮಯ ಜಾಸ್ತಿ. ನಮ್ಮ ಸರ್ವರ್‌ನಲ್ಲಿ ಮೀಡಿಯಂ ಇಟ್ಟು 40 ನಿಮಿಷದ ವಿಡಿಯೊ ಮುಗಿಯಲು ಮುಕ್ಕಾಲು ಗಂಟೆ ಹಿಡಿಯುತ್ತದೆ. ನಾನು ಅದಕ್ಕಿಂತ ಮುಂದೆ ಹೋಗಲಿಲ್ಲ.

ವೈಯುವಿ420ಪಿ ಅಂದರೆ ಬಣ್ಣವನ್ನು 8 ಬಿಟ್‌ನಲ್ಲಿ ಬರೆಯುವ, ಎಲ್ಲ ಕಡೆ ನಡೆಯುವ ಪಿಕ್ಸೆಲ್ ಫಾರ್ಮ್ಯಾಟ್. ಅದನ್ನು ಮರೆತರೆ, ಮೂಲ 10 ಬಿಟ್ ಇದ್ದಾಗ ಔಟ್‌ಪುಟ್ಟೂ 10 ಬಿಟ್ ಎಚ್.264 ಆಗಿಬಿಡುತ್ತದೆ. ಅದನ್ನು ಎಷ್ಟೋ ಬ್ರೌಸರ್‌ಗಳು ಮತ್ತು ಮೊಬೈಲ್‌ಗಳು ಮುಟ್ಟುವುದಿಲ್ಲ. ಐಫೋನ್ 12ರಿಂದ ಈಚೆಗಿನವು ಬೆಳಕು, ಬಣ್ಣದ ವ್ಯಾಪ್ತಿ ಹೆಚ್ಚಿರುವ ಎಚ್‌ಡಿಆರ್‌ನಲ್ಲೂ ಹಿಡಿಯುತ್ತವೆ. ಆ ವಿಡಿಯೊವನ್ನು ಸುಮ್ನೆ ಹೀಗೆ ಇಳಿಸಿದರೆ ಬಣ್ಣ ತೊಳೆದಿಟ್ಟ ಹಾಗಾಗುತ್ತದೆ. ಬಣ್ಣದ ವೇಷದ ಕೆಂಪು ನಸುಗುಲಾಬಿಯಾದರೆ ಯಾರು ಕೇಳುತ್ತಾರೆ? ಎಫ್‌ಎಫ್‌ಪ್ರೋಬ್‌ನಲ್ಲಿ ಕಲರ್ ಟ್ರಾನ್ಸ್‌ಫರ್ ಎದುರು ಎಆರ್‌ಐಬಿ ಎಸ್‌ಟಿಡಿ ಬಿ67 ಅಥವಾ ಎಸ್‌ಎಂಪಿಟಿಇ2084 ಅಂತ ಕಂಡರೆ ಅದು ಎಚ್‌ಡಿಆರ್. ಅಂಥದ್ದಕ್ಕೆ ಝಡ್‌ಸ್ಕೇಲ್, ಟೋನ್‌ಮ್ಯಾಪ್ ಫಿಲ್ಟರ್‌ಗಳ ಜೋಡಿ ಬೇಕು. ಅದಕ್ಕಿಂತ ಸುಲಭ, ಕ್ಯಾಮೆರಾ ಸೆಟ್ಟಿಂಗ್‌ನಲ್ಲಿ ಎಚ್‌ಡಿಆರ್ ಆಫ್ ಮಾಡಿ ಹಿಡಿಯಿರಿ ಅಂತ ಸದಸ್ಯರಿಗೆ ಹೇಳುವುದು. ನಾನು ಎರಡನ್ನೂ ಮಾಡಿದೆ.

ಸ್ಕೇಲ್‌ನಲ್ಲಿರುವ ಮೈನಸ್ 2 ಅಂದರೆ ಅಗಲವನ್ನು ನೀನೇ ಲೆಕ್ಕ ಹಾಕು, ಆದರೆ ಸಮಸಂಖ್ಯೆ ಇರಲಿ ಅಂತ. ಇದರಲ್ಲಿ ಎರಡು ತೊಡಕುಗಳಿವೆ. ಒಂದು, ಮೂಲ 480 ಇದ್ದರೂ ಇದು 720ಕ್ಕೆ ಹಿಗ್ಗಿಸುತ್ತದೆ, ಅದರಿಂದ ಫೈಲು ದಪ್ಪವಾಗುತ್ತದೆಯೇ ಹೊರತು ಚಿತ್ರ ಚೆನ್ನಾಗುವುದಿಲ್ಲ. ಎರಡು, ಫೋನ್ ನಿಲ್ಲಿಸಿ ಹಿಡಿದ ವಿಡಿಯೊ. ಅದರ ಅಗಲ 1080, ಎತ್ತರ 1920. ಎತ್ತರವನ್ನು 720 ಮಾಡಿದರೆ ಅಗಲ ಸುಮಾರು 405 ಆಗಿ ವೇಷಧಾರಿ ಕಡ್ಡಿಯಷ್ಟಾಗುತ್ತಾನೆ. ಹಾಗಾಗಿ ಎಫ್‌ಎಫ್‌ಪ್ರೋಬ್ ಕೊಟ್ಟ ಅಳತೆ ನೋಡಿ, ಎರಡರಲ್ಲಿ ಚಿಕ್ಕ ಬದಿಯನ್ನು 720ಕ್ಕೆ ಇಳಿಸಿ. ಅದು ಆಗಲೇ ಚಿಕ್ಕದಿದ್ದರೆ ಮುಟ್ಟಬೇಡಿ. ಈ ಲೆಕ್ಕವನ್ನು ಫಿಲ್ಟರ್ ಒಳಗೆ ತುರುಕುವ ಬದಲು ನಿಮ್ಮ ಕೋಡಿನಲ್ಲೇ ಮಾಡಿಕೊಳ್ಳಿ, ಓದಲು ಸುಲಭ. ಅಳತೆ ನೋಡುವಾಗ ರೊಟೇಷನ್ ಕೂಡ ನೋಡಿ. ಎಷ್ಟೋ ಫೋನ್‌ಗಳು ಅಡ್ಡ ಚಿತ್ರವನ್ನೇ ಬರೆದು, "90 ಡಿಗ್ರಿ ತಿರುಗಿಸಿ ತೋರಿಸು" ಅಂತ ಪಕ್ಕದಲ್ಲಿ ಚೀಟಿ ಇಟ್ಟಿರುತ್ತವೆ.

ಫಾಸ್ಟ್‌ಸ್ಟಾರ್ಟ್ ಬಗ್ಗೆ ಒಂದು ಮಾತು. ಎಂಪಿ4 ಫೈಲಿನ ಯಾವ ಫ್ರೇಮ್ ಎಲ್ಲಿದೆ ಅನ್ನುವ ಪರಿವಿಡಿ, ಮೂವ್ ಆಟಮ್ ಅನ್ನುತ್ತಾರೆ, ಸಹಜವಾಗಿ ಫೈಲಿನ ಕೊನೆಯಲ್ಲಿ ಬರುತ್ತದೆ. ಯಾಕೆಂದರೆ ಬರೆದು ಮುಗಿಯುವವರೆಗೆ ಪುಟಸಂಖ್ಯೆ ಗೊತ್ತಿರುವುದಿಲ್ಲ. ಬ್ರೌಸರ್‌ಗೆ ಆ ಪರಿವಿಡಿ ಸಿಗದೆ ಚಿತ್ರ ಶುರುವಾಗುವುದಿಲ್ಲ. ಫಾಸ್ಟ್‌ಸ್ಟಾರ್ಟ್ ಅದನ್ನು ಮೊದಲಿಗೆ ತಂದಿಡುತ್ತದೆ. "ಪ್ಲೇ ಒತ್ತಿದರೆ ತುಂಬ ಹೊತ್ತು ಸುತ್ತುತ್ತೆ" ಅನ್ನುವ ದೂರಿಗೆ ಹತ್ತರಲ್ಲಿ ಎಂಟು ಸಲ ಇದೇ ಮದ್ದು.

ಎಲ್ಲವನ್ನೂ ಮತ್ತೆ ಬೇಯಿಸಲೇಬೇಕು ಅಂತಿಲ್ಲ. ಮೂಲವೇ ಎಚ್.264, ಎಎಸಿ, ವೈಯುವಿ420ಪಿ, ಅಳತೆಯೂ ಮಿತಿಯೊಳಗೆ ಇದ್ದರೆ ಸಿ ಆಯ್ಕೆಗೆ ಕಾಪಿ ಅಂತ ಕೊಟ್ಟು ಫಾಸ್ಟ್‌ಸ್ಟಾರ್ಟ್ ಮಾತ್ರ ಹಾಕಿ. ಮುಕ್ಕಾಲು ಗಂಟೆಯ ಕೆಲಸ ಕೆಲವೇ ಸೆಕೆಂಡುಗಳಲ್ಲಿ ಮುಗಿಯುತ್ತದೆ, ಗುಣಮಟ್ಟವೂ ಚೂರೂ ಇಳಿಯುವುದಿಲ್ಲ.

ರಾತ್ರಿ ಆಟ, ಹಳೆ ಕ್ಯಾಸೆಟ್, ಚೆಂಡೆ

ಕತ್ತಲ ಬಯಲಿನಲ್ಲಿ ಫೋನ್ ಹಿಡಿದ ವಿಡಿಯೊದಲ್ಲಿ ಕಪ್ಪು ಜಾಗದ ತುಂಬ ಮರಳಿನಂಥ ಕಾಳು ಕುಣಿಯುತ್ತಿರುತ್ತದೆ. ಎನ್‌ಕೋಡರ್‌ಗೆ ಅದು ಕಾಳು ಅಂತ ಗೊತ್ತಿಲ್ಲ. ಅದನ್ನೂ ಚಿತ್ರ ಅಂತಲೇ ಉಳಿಸಲು ಒದ್ದಾಡಿ ಫೈಲನ್ನು ಊದಿಸುತ್ತದೆ. ಹಗಲಿನ ಆಟಕ್ಕೂ ರಾತ್ರಿ ಆಟಕ್ಕೂ ಒಂದೇ ಸಿಆರ್‌ಎಫ್ ಇಟ್ಟು ನೋಡಿ, ರಾತ್ರಿಯದೇ ಭಾರ ಇರುತ್ತದೆ. ಇದಕ್ಕೆ ಮ್ಯಾಕ್ಸ್‌ರೇಟ್ 2500ಕೆ, ಬಫ್‌ಸೈಜ್ 5000ಕೆ ಸೇರಿಸಿ ಸೆಕೆಂಡಿಗೆ ಬಳಸುವ ಬಿಟ್‌ಗಳಿಗೆ ಮಿತಿ ಹಾಕಿ. ಕಾಳು ತೀರಾ ಜಾಸ್ತಿ ಇದ್ದರೆ ಸ್ಕೇಲ್‌ಗಿಂತ ಮೊದಲು ಕಾಳು ತೆಗೆಯುವ ಎಚ್‌ಕ್ಯೂಡಿಎನ್3ಡಿ ಫಿಲ್ಟರ್ ಹಾಕಿ. ಜಾಸ್ತಿ ಹಾಕಿದರೆ ಮುಖದ ಬಣ್ಣಗಾರಿಕೆಯ ಸಣ್ಣ ಚುಕ್ಕೆಗಳೂ ಅಳಿಸಿಹೋಗುತ್ತವೆ, ಜೋಕೆ.

ಹಿರಿಯ ಸದಸ್ಯರೊಬ್ಬರು ಹಳೆ ಕ್ಯಾಸೆಟ್ಟಿನಿಂದ ಡಿವಿಡಿಗೆ ಇಳಿಸಿದ್ದ ಆಟ ತಂದುಕೊಟ್ಟರು. ಕೈ ಬೀಸಿದಲ್ಲೆಲ್ಲ ಬಾಚಣಿಗೆ ಹಲ್ಲಿನಂಥ ಗೆರೆ. ಅದು ಇಂಟರ್‌ಲೇಸ್ ಮಾಡಿದ, ಅಂದರೆ ಸಾಲು ಬಿಟ್ಟು ಸಾಲು ಎರಡು ಸಲ ಹಿಡಿದು ಹೆಣೆದ, 720 ಬೈ 576ರ ಪಾಲ್ (ಹಳೆ ಟಿವಿ ಮಾದರಿ) ವಿಡಿಯೊ. ಬಿಡಬ್ಲ್ಯುಡಿಐಎಫ್ ಫಿಲ್ಟರ್ ಹಾಕಿದರೆ ಗೆರೆ ಹೋಗುತ್ತದೆ. ಅದರ ಪಿಕ್ಸೆಲ್ ಚೌಕವಲ್ಲ, ಹಾಗಾಗಿ 4:3ರ ಚಿತ್ರವಾದರೆ 768 ಬೈ 576ಕ್ಕೆ ಅಗಲಿಸಿ, ಸೆಟ್‌ಎಸ್‌ಎಆರ್ 1 ಕೊಡಿ. ಮುಖಗಳು ಸರಿಯಾಗುತ್ತವೆ.

ಧ್ವನಿಯ ಮಟ್ಟ ಸರಿಪಡಿಸಲು ಲೌಡ್‌ನಾರ್ಮ್ ಫಿಲ್ಟರ್ ಇದೆ. ಒಂದೇ ಸುತ್ತಿನಲ್ಲಿ ಓಡಿಸಿದರೆ ಅದು ಧ್ವನಿಯನ್ನು ಕ್ಷಣಕ್ಷಣಕ್ಕೂ ಏರಿಳಿಸುತ್ತದೆ. ಭಾಗವತರ ಮೆಲ್ಲನೆಯ ಆಲಾಪನೆ ಮೇಲೇರಿ, ಚೆಂಡೆಯ ಪೆಟ್ಟು ಕುಗ್ಗಿ, ಎರಡೂ ಒಂದೇ ಮಟ್ಟಕ್ಕೆ ಬಂದು ಆಟದ ಜೀವವೇ ಹೋಗುತ್ತದೆ. ಎರಡು ಸುತ್ತಿನಲ್ಲಿ ಮಾಡಿ: ಮೊದಲು ಅಳೆಯುವುದು, ಆಮೇಲೆ ಆ ಅಂಕಿ ಕೊಟ್ಟು ಲೀನಿಯರ್ ಆಗಿ ಏರಿಸುವುದು. ಜೊತೆಗೆ ಎಆರ್ ಆಯ್ಕೆಗೆ 48000 ಕೊಡಿ. ಇಲ್ಲವಾದರೆ ಅದು ಸ್ಯಾಂಪಲ್ ರೇಟನ್ನು ಸುಮ್ಮನೆ ಮೇಲಕ್ಕೆ ಒಯ್ಯಬಹುದು. ಮೂಲದಲ್ಲೇ ಮೈಕ್ ಒಡೆದು ಕರಕರ ಅನ್ನುತ್ತಿದ್ದರೆ ಯಾವ ಫಿಲ್ಟರೂ ಅದನ್ನು ವಾಪಸ್ ತರುವುದಿಲ್ಲ.

ಮುಖಚಿತ್ರಕ್ಕೆ ಎಸ್‌ಎಸ್ ಆಯ್ಕೆಯನ್ನು ಐಗಿಂತ ಮೊದಲು ಕೊಟ್ಟು, ಒಂದು ಫ್ರೇಮ್ ತೆಗೆಯಿರಿ. ಮೊದಲು ಕೊಟ್ಟರೆ ನೇರ ಆ ಜಾಗಕ್ಕೆ ಹಾರುತ್ತದೆ, ನಂತರ ಕೊಟ್ಟರೆ ಅಲ್ಲಿಯವರೆಗೂ ಬಿಡಿಸುತ್ತಾ ನಡೆದು ಹೋಗುತ್ತದೆ. ಸೊನ್ನೆ ಸೆಕೆಂಡ್ ಬೇಡ, ಅಲ್ಲಿ ಹೆಚ್ಚಾಗಿ ನೆಲ ಅಥವಾ ಯಾರದೋ ಬೆನ್ನು ಇರುತ್ತದೆ. ಅವಧಿಯ ಹತ್ತನೇ ಒಂದು ಭಾಗದಲ್ಲಿ ತೆಗೆದರೆ ಪರವಾಗಿಲ್ಲ.

ಹಂತ 4: ಕಳಿಸಿಕೊಡುವುದು

ಐಫೋನ್ ದೂರು ನೆನಪಿದೆಯಲ್ಲ? ಸದಸ್ಯರಲ್ಲದವರಿಗೆ ವಿಡಿಯೊ ಸಿಗಬಾರದು ಅಂತ, ನಾನು ಲಾಗಿನ್ ನೋಡಿ ಪಿಎಚ್‌ಪಿಯ ರೀಡ್‌ಫೈಲ್ ಮೂಲಕವೇ ವಿಡಿಯೊ ಹರಿಸುತ್ತಿದ್ದೆ. ಕ್ರೋಮ್‌ನಲ್ಲಿ ಹೇಗೋ ನಡೆಯಿತು. ಸಫಾರಿ ಹಾಗಲ್ಲ. ಅದು ಮೊದಲು ಬೈಟ್ 0ಯಿಂದ 1ರವರೆಗೆ ಎರಡೇ ಬೈಟ್ ಕೇಳಿ ನೋಡುತ್ತದೆ. ಹೀಗೆ ಫೈಲಿನ ಒಂದು ಭಾಗವನ್ನಷ್ಟೇ ಕೇಳುವುದಕ್ಕೆ ರೇಂಜ್ ಅನ್ನುತ್ತಾರೆ. ಸರ್ವರ್ 206 (ಭಾಗ ಮಾತ್ರ) ಅನ್ನುವ ಉತ್ತರದೊಂದಿಗೆ ಅಷ್ಟೇ ಕೊಟ್ಟರೆ ಮುಂದುವರಿಯುತ್ತದೆ. 200 ಅಂತ ಹೇಳಿ ಇಡೀ ಫೈಲನ್ನೇ ಸುರಿದರೆ, "ಈ ಸರ್ವರ್‌ಗೆ ರೇಂಜ್ ಗೊತ್ತಿಲ್ಲ" ಅಂತ ಕೈಬಿಡುತ್ತದೆ. ಎಳೆದು ಮುಂದೆ ಹೋಗುವುದು ಯಾವ ಬ್ರೌಸರ್‌ನಲ್ಲೂ ಸರಿಯಾಗಿ ಆಗದಿದ್ದುದೂ ಇದೇ ಕಾರಣಕ್ಕೆ.

ರೇಂಜ್ ಅನ್ನು ಪಿಎಚ್‌ಪಿಯಲ್ಲಿ ನೀವೇ ಬರೆಯಬಹುದು, ಬರೆಯಬೇಡಿ. ಎಂಜಿನ್‌ಎಕ್ಸ್‌ಗೆ ಅದು ಹುಟ್ಟಿನಿಂದಲೇ ಬರುತ್ತದೆ. ಮಾಡಬೇಕಾದದ್ದು ಇಷ್ಟು: ವಿಡಿಯೊ ಫೋಲ್ಡರ್‌ಗೆ ಇಂಟರ್ನಲ್ ಅಂತ ಗುರುತು ಹಾಕಿದ ಒಂದು ಲೊಕೇಷನ್ ಕೊಡಿ, ಹೊರಗಿನವರು ನೇರ ಹೋಗಲಾಗದು. ಪಿಎಚ್‌ಪಿ ಲಾಗಿನ್ ನೋಡಿ, ಸರಿಯಿದ್ದರೆ ಎಕ್ಸ್ ಆಕ್ಸೆಲ್ ರೀಡೈರೆಕ್ಟ್ ಅನ್ನುವ ಹೆಡರ್‌ನಲ್ಲಿ ಫೈಲಿನ ದಾರಿ ಬರೆದು ಪಕ್ಕಕ್ಕೆ ಸರಿಯುತ್ತದೆ. ಉಳಿದದ್ದು ಎಂಜಿನ್‌ಎಕ್ಸ್ ಕೆಲಸ. ಅಪಾಚೆಯಲ್ಲಿ ಇದಕ್ಕೆ ಎಕ್ಸ್ ಸೆಂಡ್‌ಫೈಲ್ ಮಾಡ್ಯೂಲ್ ಇದೆ. ಇದರಿಂದ ಇನ್ನೊಂದು ಲಾಭ. ಹಿಂದೆ ಒಬ್ಬರು ನೋಡುತ್ತಿದ್ದಷ್ಟೂ ಹೊತ್ತು ಒಂದು ಪಿಎಚ್‌ಪಿ ಪ್ರೊಸೆಸ್ ಕಟ್ಟಿಹಾಕಿದ ಹಾಗಿರುತ್ತಿತ್ತು. ಈಗ ಅದು ತಕ್ಷಣ ಬಿಡುಗಡೆ.

ಪರೀಕ್ಷಿಸಲು, ಕಮಾಂಡ್ ಮೂಲಕ ವೆಬ್ ವಿಳಾಸ ಕೇಳುವ ಕರ್ಲ್ ಓಡಿಸಿ, ರೇಂಜ್ ಹೆಡರ್‌ನಲ್ಲಿ ಬೈಟ್ಸ್ 0-1 ಕೇಳಿ. 206 ಬಂದು, ಕಂಟೆಂಟ್ ರೇಂಜ್ ಸಾಲು ಕಂಡರೆ ಸರಿ. ಕಂಟೆಂಟ್ ಟೈಪ್ ವಿಡಿಯೊ ಸ್ಲ್ಯಾಷ್ ಎಂಪಿ4 ಇದೆಯಾ ಅಂತಲೂ ನೋಡಿ.

ಪುಟದಲ್ಲಿ ವಿಡಿಯೊ ಟ್ಯಾಗ್‌ಗೆ ಕಂಟ್ರೋಲ್ಸ್, ಪ್ಲೇಸ್‌ಇನ್‌ಲೈನ್, ಪೋಸ್ಟರ್, ಪ್ರಿಲೋಡ್ ಇಷ್ಟು ಕೊಡಿ. ಪ್ಲೇಸ್‌ಇನ್‌ಲೈನ್ ಇಲ್ಲದಿದ್ದರೆ ಐಫೋನ್ ಇಡೀ ಪರದೆಗೆ ಹಾರುತ್ತದೆ. ಇಪ್ಪತ್ತು ವಿಡಿಯೊಗಳ ಪಟ್ಟಿ ಇರುವ ಪುಟದಲ್ಲಿ ಪ್ರಿಲೋಡ್ ನನ್ ಇರಲಿ, ಒಂದೇ ವಿಡಿಯೊ ಪುಟದಲ್ಲಿ ಮೆಟಾಡೇಟಾ. ಆಟೊಪ್ಲೇ ಹಾಕಿದರೂ ಮ್ಯೂಟ್ ಮಾಡದ ವಿಡಿಯೊವನ್ನು ಬ್ರೌಸರ್‌ಗಳು ಸಾಮಾನ್ಯವಾಗಿ ತಡೆಯುತ್ತವೆ. ಅದು ಒಳ್ಳೆಯದೇ, ಆಫೀಸಿನಲ್ಲಿ ಪುಟ ತೆರೆದವರ ಮಾನ ಉಳಿಯುತ್ತದೆ.

ಎಚ್‌ಎಲ್‌ಎಸ್ ಯಾವಾಗ?

2009ರಲ್ಲಿ ಆ್ಯಪಲ್ ತಂದ ಎಚ್‌ಎಲ್‌ಎಸ್‌ನಲ್ಲಿ ವಿಡಿಯೊವನ್ನು ಸುಮಾರು 6 ಸೆಕೆಂಡಿನ ಚೂರುಗಳಾಗಿ, ಎರಡು ಮೂರು ಗುಣಮಟ್ಟದಲ್ಲಿ ಇಟ್ಟಿರುತ್ತಾರೆ. ನೆಟ್ ನಿಧಾನವಾದರೆ ಪ್ಲೇಯರ್ ತಾನೇ ಕೆಳಗಿನ ಗುಣಮಟ್ಟಕ್ಕೆ ಇಳಿಯುತ್ತದೆ. ಘಟ್ಟದ ದಾರಿಯಲ್ಲಿ ಬಸ್ಸಿನಲ್ಲಿ ಕೂತು ನೋಡುವವರಿಗೆ ಇದು ವರ. ಸಫಾರಿ ತಾನೇ ಓಡಿಸುತ್ತದೆ, ತಾವೇ ಓಡಿಸಲು ಬಾರದ ಬ್ರೌಸರ್‌ಗಳಿಗೆ ಎಚ್‌ಎಲ್‌ಎಸ್ ಡಾಟ್ ಜೆಎಸ್ ಲೈಬ್ರರಿ ಹಾಕಿಕೊಳ್ಳಿ.

ಹತ್ತು ನಿಮಿಷದೊಳಗಿನ ತುಣುಕುಗಳಿಗೆ ಇದು ಬೇಡ ಅನ್ನುವುದು ನನ್ನ ಅಭಿಪ್ರಾಯ, ಎಂಪಿ4 ಸಾಕು. 40 ನಿಮಿಷದ ವಿಡಿಯೊ ಮೂರು ಗುಣಮಟ್ಟದಲ್ಲಿ 1200 ಚೂರಾಗುತ್ತದೆ. ಬ್ಯಾಕಪ್ ತೆಗೆಯುವಾಗ ಗೊತ್ತಾಗುತ್ತೆ ಅದರ ಸುಖ. ಮಾಡುವುದಾದರೆ 360ಪಿ 800ಕೆ, 480ಪಿ 1200ಕೆ, 720ಪಿ 2500ಕೆ ಅಂತ ಶುರು ಮಾಡಿ. ಕೀಫ್ರೇಮ್‌ಗಳು, ಅಂದರೆ ಹಿಂದುಮುಂದಿನದನ್ನು ನೆಚ್ಚದೆ ಪೂರ್ತಿ ಬರೆದಿಟ್ಟ ಫ್ರೇಮ್‌ಗಳು, ಮೂರರಲ್ಲೂ ಒಂದೇ ಜಾಗದಲ್ಲಿ ಬೀಳಬೇಕು, ಇಲ್ಲವಾದರೆ ಗುಣಮಟ್ಟ ಬದಲಾಗುವಾಗ ಚಿತ್ರ ಜಿಗಿಯುತ್ತದೆ. ಫೋರ್ಸ್ ಕೀ ಫ್ರೇಮ್ಸ್ ಆಯ್ಕೆಯಲ್ಲಿ ಎರಡು ಸೆಕೆಂಡಿಗೊಂದು ಅಂತ ಕೊಟ್ಟು, ಎಸ್‌ಸಿ ಥ್ರೆಶೋಲ್ಡ್ 0 ಮಾಡಿದರೆ ಸರಿಹೋಗುತ್ತದೆ.

ಬ್ಯಾಂಡ್‌ವಿಡ್ತ್ ಲೆಕ್ಕ ಮರೆಯಬೇಡಿ. 1.5 ಎಂಬಿಪಿಎಸ್‌ನ 40 ನಿಮಿಷ ಅಂದರೆ 450 ಎಂಬಿ. 200 ಜನ ಪೂರ್ತಿ ನೋಡಿದರೆ 90 ಜಿಬಿ. 100 ಜನ ಒಟ್ಟಿಗೇ ಕೂತರೆ 150 ಎಂಬಿಪಿಎಸ್ ವೇಗ ಬೇಕು. ನಿಮ್ಮ ಪ್ಲಾನಿನಲ್ಲಿ ತಿಂಗಳಿಗೆ ಎಷ್ಟಿದೆ, ಮೀರಿದರೆ ಎಷ್ಟು ಕಟ್ಟಬೇಕು ಅಂತ ಮೊದಲೇ ನೋಡಿಕೊಳ್ಳಿ.

ಕನ್ನಡ ಸಬ್‌ಟೈಟಲ್

ಪದ್ಯಗಳ ಸಾಹಿತ್ಯ ಕೆಳಗೆ ಬಂದರೆ ಚೆನ್ನಾಗಿರುತ್ತೆ ಅಂತ ಒಬ್ಬರು ಟೈಪ್ ಮಾಡಿ ಕೊಟ್ಟರು. ಪರದೆ ಮೇಲೆ ಬಂದದ್ದು ಮಂತ್ರವಾದಿಯ ಚೀಟಿ. ಹಳೆ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ್ದರು. ಅದರಲ್ಲಿ ಕಾಣುವುದು ಕನ್ನಡ, ಒಳಗಿರುವುದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಸಂಕೇತ. ಮೊದಲು ಯೂನಿಕೋಡ್‌ಗೆ ಬದಲಾಯಿಸಿ, ಯುಟಿಎಫ್ 8ರಲ್ಲಿ ಉಳಿಸಿ. ಬ್ರೌಸರ್‌ಗೆ ಬೇಕಾದದ್ದು ವೆಬ್‌ವಿಟಿಟಿ ಫೈಲು. ಸಬ್‌ಟೈಟಲ್‌ನ ಇನ್ನೊಂದು ಮಾದರಿಯಾದ ಎಸ್‌ಆರ್‌ಟಿ ಇದ್ದರೆ ಮೊದಲ ಸಾಲಿಗೆ ವೆಬ್‌ವಿಟಿಟಿ ಅಂತ ದೊಡ್ಡಕ್ಷರದಲ್ಲಿ ಬರೆದು ಒಂದು ಸಾಲು ಖಾಲಿ ಬಿಡಿ. ಸಮಯದಲ್ಲಿರುವ ಅಲ್ಪವಿರಾಮವನ್ನು ಚುಕ್ಕಿ ಮಾಡಿ. ಟ್ರ್ಯಾಕ್ ಟ್ಯಾಗಿನ ಭಾಷೆ ಕೆಎನ್.

ವಿಡಿಯೊದ ಮೇಲೆಯೇ ಅಕ್ಷರ ಅಚ್ಚೊತ್ತಬೇಕಾದರೆ ಲಿಬ್ಆ್ಯಸ್ ಲೈಬ್ರರಿ ಬಳಸುವ ಸಬ್‌ಟೈಟಲ್ಸ್ ಫಿಲ್ಟರ್ ಒಳ್ಳೆಯದು, ಒತ್ತಕ್ಷರಗಳು ಜಾಗಕ್ಕೆ ಸರಿಯಾಗಿ ಕೂರುತ್ತವೆ. ಸರ್ವರ್‌ನಲ್ಲಿ ನೋಟೊ ಸಾನ್ಸ್ ಕನ್ನಡದಂಥ ಫಾಂಟ್ ಇರಲೇಬೇಕು. ಇಲ್ಲದಿದ್ದರೆ ಸಾಲು ಸಾಲು ಚೌಕದ ಡಬ್ಬಿಗಳು.

ಗುಡಿಸುವ ಕೆಲಸ

ಮೂರು ತಿಂಗಳಾದ ಮೇಲೆ ಒಂದು ರಾತ್ರಿ ಸೈಟು ಪೂರ್ತಿ ನಿಂತಿತು. ಡಿಸ್ಕ್ ತುಂಬಿ ಡೇಟಾಬೇಸ್‌ಗೆ ಒಂದಕ್ಷರ ಬರೆಯಲೂ ಜಾಗವಿರಲಿಲ್ಲ. ಯಾರೋ ಅರ್ಧಕ್ಕೆ ಬಿಟ್ಟುಹೋದ ಅಪ್‌ಲೋಡ್ ತುಂಡುಗಳೇ 31 ಜಿಬಿ ಇದ್ದವು. ಈಗ, ಹೇಳಿದ ಹೊತ್ತಿಗೆ ಕಮಾಂಡ್ ಓಡಿಸುವ ಕ್ರಾನ್‌ನಲ್ಲಿ ಎರಡು ಸಾಲು ಓಡುತ್ತವೆ. ಒಂದು, 48 ಗಂಟೆ ಮುಟ್ಟದೆ ಬಿದ್ದಿರುವ ತುಂಡುಗಳನ್ನು ಅಳಿಸುತ್ತದೆ. ಇನ್ನೊಂದು, ಡಿಸ್ಕ್ ಶೇಕಡ 80 ದಾಟಿದರೆ ನನಗೆ ಮೇಲ್ ಕಳಿಸಿ, ಹೊಸ ಅಪ್‌ಲೋಡ್ ಬಟನ್ ಅನ್ನು ಮುಚ್ಚಿಬಿಡುತ್ತದೆ.

ಮೂಲ ಪ್ರತಿಗಳನ್ನು ಪರಿವರ್ತನೆ ಆದ ಕೂಡಲೇ ಅಳಿಸುವುದಿಲ್ಲ. ಪರಿವರ್ತಿಸಿದ ಪ್ರತಿಯ ಅವಧಿ ಮೂಲದ ಅವಧಿಗೆ ಒಂದು ಸೆಕೆಂಡಿನ ಒಳಗೆ ಹೊಂದುತ್ತದೆಯೇ ಅಂತ ವರ್ಕರ್ ನೋಡುತ್ತದೆ. ಆಮೇಲೆ ಸಂಘದವರೊಬ್ಬರು ಮೊದಲು, ನಡು, ಕೊನೆ ಮೂರು ಕಡೆ ಎಳೆದು ನೋಡಿ "ಸರಿ ಇದೆ" ಬಟನ್ ಒತ್ತುತ್ತಾರೆ. ಒತ್ತಿದವುಗಳು ಮಾತ್ರ ತಿಂಗಳ ಕೊನೆಯ ಭಾನುವಾರ ಸಂಘದ ಕಪಾಟಿನಲ್ಲಿರುವ ಹಾರ್ಡ್ ಡಿಸ್ಕ್‌ಗೆ ಇಳಿದು, ಸರ್ವರ್‌ನಿಂದ ಹೋಗುತ್ತವೆ.